ಮಗು ಕೂತಲ್ಲೇ ಕೂತಿದೆ, ಹೆಜ್ಜೆ ಲೆಕ್ಕ ಮಾತ್ರ ಓಡುತ್ತಿದೆ!

ನಮಸ್ಕಾರ! "ಮಗಳು ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಎದ್ದೇ ಇಲ್ಲ. ಆದರೂ ಕೈಯಲ್ಲಿರುವ ಬ್ಯಾಂಡ್ ಹೆಜ್ಜೆ ಎಣಿಸಿದೆ. ಕೆಟ್ಟಿದೆಯಾ?" ಅಂತ ನಿಮ್ಮಲ್ಲೊಬ್ಬರು ಕೇಳಿದ್ದೀರಿ.

ಕೆಟ್ಟಿಲ್ಲ. ಪಾಪ, ಅದಕ್ಕೆ ಕಾಲು ಕಾಣುವುದಿಲ್ಲ. ಒಳಗಿನ ಸೆನ್ಸರ್‌ಗೆ ಗೊತ್ತಾಗುವುದು ಕುಲುಕಾಟ ಮಾತ್ರ. ಒಂದೇ ಲಯದಲ್ಲಿ ಕುಲುಕಿದರೆ ಹೆಜ್ಜೆ ಅಂದುಕೊಳ್ಳುತ್ತದೆ. ಹಾಗಾಗಿ ಎಲ್ಲಿ ಕಟ್ಟಿದ್ದೀರಿ ಅನ್ನುವುದೇ ಇಲ್ಲಿ ಪ್ರಶ್ನೆ.

ಮೊದಲು ಸೊಂಟ. 1965ರಲ್ಲಿ ಜಪಾನಿನಲ್ಲಿ 'ಮಾನ್‌ಪೋ-ಕೇ' ಅನ್ನುವ, ಸೊಂಟಕ್ಕೆ ಸಿಕ್ಕಿಸುವ ಪೆಡೋಮೀಟರ್, ಅಂದರೆ ಹೆಜ್ಜೆ ಎಣಿಸುವ ಯಂತ್ರ, ಬಂತು. ಹೆಸರಿನ ಅರ್ಥ 'ಹತ್ತು ಸಾವಿರ ಹೆಜ್ಜೆ ಮೀಟರ್'. ಹೌದು, ದಿನಕ್ಕೆ ಇಷ್ಟು ನಡೆಯಿರಿ ಅಂತ ಇವತ್ತಿಗೂ ನಮ್ಮ ಬೆನ್ನು ಬಿಡದ ಆ 10,000!

ಈಗ ನನ್ನ ಮೆಚ್ಚಿನ ಭಾಗ. ಸ್ಪ್ರಿಂಗ್ ಪೆಡೋಮೀಟರ್ ಒಳಗೆ ಒಂದು ಪುಟ್ಟ ತೋಳು ಇರುತ್ತದೆ. ಮೈ ಮೇಲೆ ಕೆಳಗೆ ಆದ ಹಾಗೆ ಅದೂ ಕುಣಿಯುತ್ತದೆ, ಹೆಜ್ಜೆ ದಾಖಲಾಗುತ್ತದೆ. ಆದರೆ ಪೆಡೋಮೀಟರ್ ನೆಟ್ಟಗೆ ನಿಂತಿರಬೇಕು. ಮಳೆಯಲ್ಲಿ ಬಕೆಟ್ ಇಟ್ಟಿದ್ದೀರಿ ಅಂದುಕೊಳ್ಳಿ. ನೆಟ್ಟಗಿದ್ದರೆ ಚೆನ್ನಾಗಿ ತುಂಬುತ್ತದೆ. ವಾಲಿಸಿದರೆ? ಮಳೆ ಅಷ್ಟೇ, ಬಕೆಟ್ಟೂ ಅದೇ, ಬಾಯಿಗೆ ಬೀಳುವ ನೀರು ಮಾತ್ರ ಕಮ್ಮಿ. ಮಕ್ಕಳ ಸಡಿಲ ಎಲಾಸ್ಟಿಕ್ ಚಡ್ಡಿ, ಮುಂದೆ ಬಂದ ಮುದ್ದು ಹೊಟ್ಟೆ ಸೇರಿ ಪೆಡೋಮೀಟರನ್ನು ಹೀಗೇ ವಾಲಿಸುತ್ತವೆ. ಮಗು ನಿಧಾನಕ್ಕೆ ನಡೆದರಂತೂ ಕುಲುಕೂ ಸಣ್ಣದು. ಹೆಜ್ಜೆಗಳು ಸುಮ್ನೆ ಮಾಯ! ಗಟ್ಟಿ ಬೆಲ್ಟ್ ಹಾಕಿ, ಹೊಟ್ಟೆಯಿಂದ ಪಕ್ಕೆಯ ಕಡೆಗೆ, ಸೊಂಟದ ಮೂಳೆಯ ಮೇಲೆ ಸರಿಸಿ. ಸ್ಪ್ರಿಂಗ್ ಇಲ್ಲದ ಹೊಸ ಎಲೆಕ್ಟ್ರಾನಿಕ್ ಮಾದರಿಗಳಿಗೆ ಈ ತೊಂದರೆ ಕಮ್ಮಿ.

ಅಯ್ಯೋ, ಸಮಯ ಓಡ್ತಾ ಇದೆ. ಉಳಿದದ್ದು ಬೇಗ ಬೇಗ.

ಮಣಿಕಟ್ಟು ಎರಡೂ ಕಡೆ ಮೋಸ ಮಾಡುತ್ತದೆ. ಚಪ್ಪಾಳೆ ತಟ್ಟಿದರೆ ಲೆಕ್ಕ ಜಾಸ್ತಿ. ಅಮ್ಮನ ಕೈ ಹಿಡಿದು ನಡೆದರೆ ತೋಳು ಬೀಸುವುದಿಲ್ಲ, ಲೆಕ್ಕ ಕಮ್ಮಿ. ಪಾದದ ಗಂಟಿನ ಹತ್ತಿರ ಕಟ್ಟಿದರೆ ಹೆಜ್ಜೆ ಚೆನ್ನಾಗಿ ಸಿಗುತ್ತದೆ, ಆದರೆ ಕುರ್ಚಿಯಲ್ಲಿ ಕೂತು ಕಾಲು ಅಲ್ಲಾಡಿಸದ ಮಗು ಎಲ್ಲಿದೆ ಹೇಳಿ? ಸಡಿಲ ಜೇಬು ಬೇಡವೇ ಬೇಡ. ಇನ್ನೊಂದು: ಕೆಲವು ಮಾದರಿಗಳು ಸತತವಾಗಿ ಒಂದಿಷ್ಟು ಹೆಜ್ಜೆ ಬಿದ್ದ ಮೇಲಷ್ಟೇ ಎಣಿಸಲು ಶುರು ಮಾಡುತ್ತವೆ. ಮಕ್ಕಳೋ, ನಾಲ್ಕು ಹೆಜ್ಜೆ ಓಡಿ ನಿಲ್ಲುವವರು!

ಪರೀಕ್ಷೆ ಸುಲಭ. ಮಗುವಿನ ಜೊತೆ ನೀವೇ ಎಣಿಸುತ್ತಾ 100 ಹೆಜ್ಜೆ ನಡೆಯಿರಿ, ಮೀಟರ್ ನೋಡಿ. ಜಾಗ ಬದಲಿಸಿ ಮತ್ತೆ ನಡೆಯಿರಿ. ಯಾವ ಜಾಗ 100ಕ್ಕೆ ಹತ್ತಿರವೋ ಅಲ್ಲೇ ದಿನವೂ ಇರಲಿ. ದಿನಕ್ಕೊಂದು ಕಡೆ ಕಟ್ಟಿದರೆ ನಿನ್ನೆಯ ಲೆಕ್ಕಕ್ಕೂ ಇವತ್ತಿನದಕ್ಕೂ ತಾಳೆಯಾಗುವುದಿಲ್ಲ, ಅಲ್ವಾ?

ಹಾಂ, ಬಣ್ಣ ತುಂಬುವ ಮಗಳಿಗೆ ಸದ್ಯಕ್ಕೆ ಬ್ಯಾಂಡನ್ನು ಇನ್ನೊಂದು ಕೈಗೆ ಕಟ್ಟಿ ನೋಡಿ.