ಬಿದ್ರಿಯ ಕಪ್ಪು ಹಚ್ಚಿದ್ದಲ್ಲ

ಕೇಳುಗರಿಗೆಲ್ಲ ನಮಸ್ಕಾರ. ಕಲಬುರಗಿಯ ಕಾಲೇಜಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವನು ನಾನು. ಕಪ್ಪು ಲೋಹದಲ್ಲಿ ಬೆಳ್ಳಿಯ ಚಿತ್ತಾರ ಕೂರಿಸುವ ಬೀದರಿನ ಬಿದ್ರಿ ಕಲೆ ಬಗ್ಗೆ ಇವತ್ತು ಒಂದೇ ಮಾತು ಹೇಳಬೇಕು ಅಂತ ಬಂದಿದ್ದೇನೆ. ಬಿದ್ರಿ ಸಾಮಾನಿನ ಕಪ್ಪು, ಪೇಂಟ್ ಅಲ್ಲ. ಯಾರೂ ಅದನ್ನು ಬ್ರಶ್ ಹಿಡಿದು ಬಳಿದಿಲ್ಲ. ನಮ್ಮ ಭಾಗದಲ್ಲೇ ಹುಟ್ಟಿ ಬೆಳೆದವರು "ಯಾವ ಪೇಂಟ್ ಸರ್ ಅದು?" ಅಂತ ಕೇಳಿದಾಗ ಜೀವಕ್ಕೆ ಸಂಕಟ ಆಗುತ್ತದೆ.

ನಮ್ಮ ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ನನ್ನ ಮದುವೆಗೆ ಬಂದ ಬಿದ್ರಿ ಹೂದಾನಿ ಒಂದಿತ್ತು. ದೀಪಾವಳಿ ಮುಂದೆ ನಮ್ಮ ಅವ್ವ ಹಿತ್ತಾಳೆ ಕೊಡ, ಚರಿಗೆ ಎಲ್ಲ ಬೆಳಗುತ್ತಾ ಅದನ್ನೂ ತೆಗೆದುಕೊಂಡು ಹುಣಸೆಹಣ್ಣು ಹಚ್ಚಿ ತಿಕ್ಕಿಬಿಟ್ಟರು. ನಾನು ಬರುವಷ್ಟರಲ್ಲಿ ಹೂದಾನಿ ಬೂದಿ ಬಣ್ಣಕ್ಕೆ ಬಂದಿತ್ತು. ಬೆಳ್ಳಿಯ ಬಳ್ಳಿ ಎಲ್ಲಿದೆ ಅಂತ ಬೆರಳಾಡಿಸಿ ಹುಡುಕಬೇಕು. ಅವ್ವ ಆ ದಿನ ಸರಿಯಾಗಿ ಊಟ ಮಾಡಲಿಲ್ಲ.

ಹಬ್ಬ ಮುಗಿದ ಮೇಲೆ ಅವ್ವನನ್ನೂ ಕರೆದುಕೊಂಡು ಬೀದರಿಗೆ ಹೋದೆ. ಚೌಬಾರದ ಹತ್ತಿರ ಒಬ್ಬ ಹಿರಿಯ ಕುಶಲಕರ್ಮಿ ಹೂದಾನಿ ತಿರುಗಿಸಿ ನೋಡಿದರು. "ಬಣ್ಣ ಹೋಗ್ಯಾದ್ರಿ," ಅಂದರು ಅವ್ವ. "ಹಚ್ಚಿದ್ರ ಹೋಗಬೇಕಲ್ರೀ ಅವ್ವಾರ," ಅಂದರು ಅವರು.

ಆಮೇಲೆ ಒಂದು ಡಬ್ಬಿ ತೆಗೆದರು. ಒಳಗೆ ಕೋಟೆಯ ಮಣ್ಣು. ಮಳೆ, ಬಿಸಿಲು ಬೀಳದ ಹಳೆಯ ಜಾಗದ್ದು. ಒಂದು ಚಿಟಿಕೆ ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಉಗುಳಿ, "ಆಗತದ" ಅಂದರು. ಆ ಮಣ್ಣಲ್ಲಿರುವ ಪೆಟ್ಲುಪ್ಪನ್ನು ನಾನು ಪ್ರಯೋಗಶಾಲೆಯಲ್ಲಿ ಹುಡುಕಬೇಕು, ಅವರಿಗೆ ನಾಲಿಗೆ ಸಾಕು! ಮಣ್ಣಿಗೆ ನವಸಾಗರ ಅನ್ನುವ ಉಪ್ಪು, ನೀರು ಬೆರೆಸಿ ಕುದಿಸಿದರು. ಹೂದಾನಿಯನ್ನು ಸ್ವಲ್ಪ ಬಿಸಿ ಮಾಡಿ ಆ ನೀರಿಂದ ಉಜ್ಜಿದರು. ನೋಡನೋಡುತ್ತಿದ್ದಂತೆ ಮೈಯೆಲ್ಲ ಕಪ್ಪಾಯಿತು. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯಿತು. ಅವ್ವ ಬಾಯಿಗೆ ಸೆರಗು ಹಿಡಿದು ನಿಂತುಬಿಟ್ಟರು.

ಯಾಕೆ ಹೀಗೆ? ಬಿದ್ರಿ ಲೋಹದಲ್ಲಿ ಬಹುಪಾಲು ಸತು, ಚೂರು ತಾಮ್ರ. ಸಾಮಾನ್ಯವಾಗಿ 16 ಪಾಲಿಗೆ 1 ಪಾಲು ಅನ್ನುತ್ತಾರೆ. ಆ ಮಣ್ಣಿನ ನೀರು ಮೇಲಿನ ಸತುವನ್ನು ತಿನ್ನುತ್ತದೆ, ಉಳಿದ ತಾಮ್ರ ಕಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ಅಂದರೆ ಆ ಕಪ್ಪು, ಲೋಹದ ಒಳಗಿನದೇ. ಹಚ್ಚಿದ್ದಲ್ಲ. ಮತ್ತೆ ಹೇಳುತ್ತೇನೆ, ಹಚ್ಚಿದ್ದಲ್ಲ.

ಸಮಯ ಆಗುತ್ತಾ ಬಂತು. ಮರಳಿನ ಅಚ್ಚಲ್ಲಿ ಎರಕ ಹೊಯ್ಯುವುದು, ನಕ್ಷೆ ಕಾಣಲಿ ಅಂತ ಮೈಲುತುತ್ತ ಸವರುವುದು, ಉಳಿಯಿಂದ ಕೊರೆದ ಗೀರಿಗೆ ಬೆಳ್ಳಿ ತಂತಿ ಬಡಿದು ಕೂರಿಸುವುದು, ಇದೆಲ್ಲ ಹೇಳುವುದೇ ಉಳಿಯಿತು. ಬಹಮನಿ ಕಾಲದಿಂದ ಬಂದ ಈ ಕೆಲಸಕ್ಕೆ 2006ರಲ್ಲಿ ಜಿಐ, ಅಂದರೆ ಇದು ಈ ಊರಿನದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಆ ದಿನ ನಾನು ಅವ್ವನ ಹೂದಾನಿಯನ್ನು ಕಪಾಟಿನಿಂದ ಇಳಿಸಿ ಟೇಬಲ್ ಮೇಲೆ ಇಟ್ಟೆ.

ನಿಮ್ಮ ಮನೆಯಲ್ಲಿ ಬಿದ್ರಿ ಇದ್ದರೆ ಹುಣಸೆಹಣ್ಣು, ನಿಂಬೆಹುಳಿ, ಪಾತ್ರೆ ತಿಕ್ಕುವ ಪುಡಿ ಯಾವುದೂ ಬೇಡ, ದಯವಿಟ್ಟು. ಮೆತ್ತನೆ ಅರಿವೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಸುಮ್ನೆ ಒರೆಸಿ. ನಮಸ್ಕಾರ.