ಗರಿಗೊಂದು ಅಂಕೆ, ಪುಟಕ್ಕೊಂದು ಅಂಕೆ

ಕೇಳುಗರಿಗೆ ನಮಸ್ಕಾರ.

ಪುಟಸಂಖ್ಯೆ, ಪುಟಾಂಕ, ಪತ್ರಸಂಖ್ಯೆ, ಗರಿಸಂಖ್ಯೆ. ಪ್ರೆಸ್ಸಿಗೆ ಹೋದರೆ ಬರೀ ಪೇಜ್ ನಂಬರು. ಇವೆಲ್ಲ ಒಂದೇ ಅರ್ಥದ ಮಾತುಗಳೆಂದು ಬಳಸುವವರೇ ಹೆಚ್ಚು. ಮೊದಲೆರಡು ಹಾಳೆಯ ಒಂದು ಮಗ್ಗುಲನ್ನು ಎಣಿಸುತ್ತವೆ, ಮುಂದಿನೆರಡು ಇಡೀ ಹಾಳೆಯನ್ನೇ ಎಣಿಸುತ್ತವೆ. ಬೆರೆಸಿದರೆ ಲೆಕ್ಕ ನೇರ ಇಮ್ಮಡಿಯಾಗುತ್ತದೆ.

ಓಲೆಗರಿಯನ್ನೇ ನೋಡಿ. ಬರಹ ಎರಡೂ ಬದಿಗೆ, ಅಂಕೆ ಮಾತ್ರ ಒಂದೇ ಬದಿಗೆ. ದಕ್ಷಿಣದ ಕಟ್ಟುಗಳಲ್ಲಿ ಅದು ಸಾಮಾನ್ಯವಾಗಿ ಮುಂಬದಿಯ ಎಡ ಅಂಚಿನಲ್ಲಿರುತ್ತದೆ, ಉತ್ತರದ ಹಸ್ತಪ್ರತಿಗಳಲ್ಲಿ ಹೆಚ್ಚಾಗಿ ಹಿಂಬದಿಯಲ್ಲಿ. 120 ಗರಿಯ ಕಟ್ಟಿನಲ್ಲಿ ಬರೆದ ಮಗ್ಗುಲು 240. ಹಾಗಾಗಿ ‘37ನೆಯ ಗರಿ’ ಎಂದಷ್ಟೇ ಗುರುತು ಹಾಕಿಕೊಂಡರೆ ಸಾಲದು. ಮುಂಬದಿಗೆ 37 ಅ, ಹಿಂಬದಿಗೆ 37 ಆ ಎನ್ನಬೇಕು.

ತೊಂದರೆ ಏನೆಂದರೆ, ಗರಿ ಮೊದಲು ಮುರಿಯುವುದೇ ಅಂಚಿನಲ್ಲಿ, ಅಂಕೆ ಇರುವುದೂ ಅಲ್ಲೇ. ದಾರ ಹರಿದು ಕಟ್ಟು ಚೆದುರಿದರೆ ಜೋಡಿಸುವುದು ಹೇಗೆ? ಪದ್ಯಗಳ ಅಂಕೆ ಉಳಿದಿದ್ದರೆ ಅದೇ ಆಧಾರ. ಇಲ್ಲವಾದರೆ ಹಿಂಬದಿಯ ಕೊನೆಯಲ್ಲಿ ಅರ್ಧಕ್ಕೆ ನಿಂತ ಪದ ಯಾವ ಗರಿಯಲ್ಲಿ ಮುಂದುವರಿದಿದೆ ಎಂದು ಹುಡುಕಬೇಕು. ಹುಳು ಕೊರೆದ ತೂತೂ ಇಲ್ಲಿ ಉಪಕಾರಿ! ಒಂದರ ಮೇಲೊಂದು ಇದ್ದ ಗರಿಗಳಲ್ಲಿ ತೂತು ಒಂದೇ ಜಾಗದಲ್ಲಿ ಮುಂದುವರಿದಿರುತ್ತದೆ. ಹಳೆಯ ಕೈಬರಹದಲ್ಲಿ ಕನ್ನಡದ ೬ ಮತ್ತು ೯ ಅದಲುಬದಲಾಗಿ ಕಾಣುವುದುಂಟು, ಅಕ್ಕಪಕ್ಕದ ಗರಿ ನೋಡದೆ ತೀರ್ಮಾನಿಸಬೇಡಿ. ಹಳೆಯ ಅಂಕೆ ತಪ್ಪಿದ್ದರೂ ತಿದ್ದಬಾರದು. 45 ಎರಡು ಸಲ ಬಂದಿದ್ದರೆ, 46 ಇಲ್ಲವೇ ಇಲ್ಲವಾದರೆ, ಹಸ್ತಪ್ರತಿಯ ವಿವರ ಬರೆಯುವ ಸೂಚಿಯಲ್ಲಿ ಹಾಗೆಂದೇ ಬರೆಯಿರಿ.

ಅಚ್ಚಿನಲ್ಲೂ ಮೊದಲು ಬಂದದ್ದು ಹಾಳೆಯ ಅಂಕೆಯೇ. ಅಚ್ಚಾದ ಅಂಕೆ ಕಾಣುವ ತೀರ ಹಳೆಯ ಪುಸ್ತಕಗಳಲ್ಲೊಂದು 1470ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಮುದ್ರಣವಾಯಿತು. ಅಲ್ಲಿ ಎಣಿಸಿರುವುದು ಪುಟಗಳನ್ನಲ್ಲ, ಹಾಳೆಗಳನ್ನು.

ಇಂದಿನ ಪುಸ್ತಕದಲ್ಲಿ ಬಲಗಡೆ ಬೆಸ, ಎಡಗಡೆ ಸಮ. ಮುನ್ನುಡಿಯ ಪುಟಗಳಿಗೆ ರೋಮನ್ ಅಂಕೆ ಹಾಕುವುದು ಬರೀ ಅಲಂಕಾರಕ್ಕಲ್ಲ. ಮುನ್ನುಡಿ ಯಾವಾಗಲೂ ತಡವಾಗಿಯೇ ಬರುತ್ತದೆ. ಅದು ನಾಲ್ಕು ಪುಟ ಹೆಚ್ಚಿದರೂ ಒಳಪುಟಗಳ ಅಂಕೆ ಅಲುಗುವುದಿಲ್ಲ.

16 ಪುಟದ ಫಾರಂ, ಅಂದರೆ ಎರಡೂ ಮೈಗೆ ಅಚ್ಚು ಹಾಕಿ ಮಡಿಸುವ ಒಂದೇ ದೊಡ್ಡ ಹಾಳೆ, ಹೇಗೆಂದು ತಿಳಿಯಲು ಒಂದು ಹಾಳೆಯನ್ನು ಮೂರು ಸಲ ಅಡ್ಡ ಉದ್ದವಾಗಿ ಮಡಿಸಿ, ಕತ್ತರಿಸದೆ, ಇಣುಕಿ ನೋಡುತ್ತಾ 1ರಿಂದ 16ರವರೆಗೆ ಅಂಕೆ ಹಾಕಿ. ಬಿಚ್ಚಿದಾಗ ಒಂದು ಮೈಯಲ್ಲಿ 1, 4, 5, 8, 9, 12, 13, 16 ಇರುತ್ತವೆ, ಅರ್ಧದಷ್ಟು ತಲೆಕೆಳಗಾಗಿ. ಬೆನ್ನಿನ ಮಡಿಕೆಯ ಆಚೀಚೆ ಇರುವ ಎರಡು ಪುಟ ಕೂಡಿದರೆ ಯಾವಾಗಲೂ 17. ಎರಡನೆಯ ಫಾರಂನಲ್ಲಿ 17ರ ಜೊತೆಗಾರ 32, ಮೊತ್ತ 49. ಪ್ರೂಫಿನಲ್ಲಿ ಈ ಮೊತ್ತ ಬಾರದಿದ್ದರೆ ಅಚ್ಚಿನ ಪ್ಲೇಟು ಮಾಡಿಸಬೇಡಿ.