ಮೊದಲು ಬೆಳಕು, ಆಮೇಲೆ ಉಳಿದದ್ದು

ಕೇಳುಗರಿಗೆಲ್ಲ ನಮಸ್ಕಾರ.

ಫೋಟೋ ಎಡಿಟಿಂಗ್ ಬಗ್ಗೆ ರೇಡಿಯೋದಲ್ಲಿ ಮಾತಾಡುವುದು ಸ್ವಲ್ಪ ವಿಚಿತ್ರವೇ. ತೋರಿಸಲು ಚಿತ್ರವಿಲ್ಲ, ಪರದೆಯಿಲ್ಲ. ಆದರೆ ಒಂದು ಲೆಕ್ಕಕ್ಕೆ ಇದೇ ವಾಸಿ. ಪರದೆ ಎದುರಿಗಿದ್ದರೆ ಆ ಬಟನ್ ಎಲ್ಲಿದೆ, ಈ ಮೆನು ಎಲ್ಲಿದೆ ಅಂತ ಹುಡುಕುತ್ತಾ ಕೂರುತ್ತೀರಿ, ಮಾತು ಕಿವಿಗೆ ಬೀಳುವುದಿಲ್ಲ. ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಮೊದಲು ಬೆಳಕು, ಆಮೇಲೆ ಉಳಿದದ್ದು. ಇದನ್ನೇ ಇವತ್ತು ನಾಲ್ಕಾರು ಸಲ ಹೇಳುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ.

ಕಲಿಯಲು ಬರುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಯಾವ ಸಾಫ್ಟ್‌ವೇರ್ ಒಳ್ಳೆಯದು?" ನಿಮ್ಮ ಬಳಿ ಫೋಟೋಶಾಪ್ ಇದ್ದರೆ ಅದೇ ಇರಲಿ. ದುಡ್ಡು ಕೊಡುವ ಮನಸ್ಸಿಲ್ಲವೇ, ಗಿಂಪ್ ಹಾಕಿಕೊಳ್ಳಿ, ಅದು 1996ರಿಂದಲೂ ಉಚಿತವಾಗಿ ಸಿಗುತ್ತಿದೆ. ಕಂಪ್ಯೂಟರೇ ಇಲ್ಲವೇ, ಫೋನ್‌ನಲ್ಲಿ ಸ್ನ್ಯಾಪ್‌ಸೀಡ್ ಸಾಕು. ಪ್ರಶ್ನೆ ಮುಗಿಯಿತು. ಇನ್ನು ಎರಡನೆಯದು: "ಯಾವ ಫಿಲ್ಟರ್ ಹಾಕಬೇಕು?" ಯಾವುದನ್ನೂ ಹಾಕಬೇಡಿ. ಫಿಲ್ಟರ್ ಅಂದರೆ ಯಾರೋ ತಮ್ಮ ಫೋಟೋಗೆ ಮಾಡಿಕೊಂಡ ತೀರ್ಮಾನವನ್ನು ನಿಮ್ಮ ಫೋಟೋ ಮೇಲೆ ಹೇರುವುದು. ಅವರ ಫೋಟೋದಲ್ಲಿ ಬೆಳಕು ಎಡಗಡೆಯಿಂದ ಬಂದಿತ್ತೋ ಹಿಂದಿನಿಂದ ಬಂದಿತ್ತೋ ಆ ಫಿಲ್ಟರ್‌ಗೇನು ಗೊತ್ತು?

ಹೊಸಬರು ಕೆಲಸ ಮಾಡುವ ಕ್ರಮವನ್ನು ಗಮನಿಸಿ. ಫೋಟೋ ತೆರೆದ ಕೂಡಲೇ ಮುಖದ ಮೇಲೆ ಜೂಮ್ ಮಾಡುತ್ತಾರೆ. ಚರ್ಮ ನುಣುಪು ಮಾಡುವ ಸ್ಲೈಡರ್ ಎಳೆಯುತ್ತಾರೆ. ಆಮೇಲೆ ಬಣ್ಣ ಏರಿಸುತ್ತಾರೆ. ಎಲ್ಲ ಮುಗಿದ ಮೇಲೆ, ಅಯ್ಯೋ ಮಬ್ಬಾಗಿದೆಯಲ್ಲ ಅಂತ ಬ್ರೈಟ್‌ನೆಸ್ ಹೆಚ್ಚಿಸುತ್ತಾರೆ. ಪೂರಾ ತಲೆಕೆಳಗು. ಮಬ್ಬಿನಲ್ಲಿ ಕೂತು ಒರೆಸಿದ ಕಲೆಯ ಜಾಗ ಬೆಳಕು ಏರಿದ ತಕ್ಷಣ ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತದೆ. ಏರಿಸಿದ ಬಣ್ಣ ಇನ್ನೂ ಏರಿ ಕಣ್ಣಿಗೆ ಚುಚ್ಚುತ್ತದೆ. ಮತ್ತೆ ಮೊದಲಿನಿಂದ ಶುರು. ಅದಕ್ಕೇ ಹೇಳುವುದು, ಮೊದಲು ಬೆಳಕು, ಆಮೇಲೆ ಉಳಿದದ್ದು.

ಹಾಗಾದರೆ ಬೆಳಕು ನೋಡುವುದು ಹೇಗೆ? ಫೋಟೋ ತೆರೆಯಿರಿ, ಅದನ್ನು ತಾತ್ಕಾಲಿಕವಾಗಿ ಕಪ್ಪು-ಬಿಳುಪು ಮಾಡಿ. ಪರದೆಯ ಮೇಲೆ ಅಂಚೆಚೀಟಿಯಷ್ಟು ಚಿಕ್ಕದು ಮಾಡಿ. ಆಮೇಲೆ ಕಣ್ಣು ಕಿರಿದು ಮಾಡಿಕೊಂಡು ನೋಡಿ. ಮೂಗು, ಬಾಯಿ, ಬಟ್ಟೆ ಇವೆಲ್ಲ ಮಾಯವಾಗಿ ಬರೀ ಬೆಳ್ಳಗಿನ ತುಂಡುಗಳು, ಕಪ್ಪು ತುಂಡುಗಳು ಉಳಿಯುತ್ತವೆ. ಈಗ ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು? ಮುಖಕ್ಕೆ ಹೋಯಿತೋ, ಹಿಂದಿನ ಗೋಡೆಯ ಟ್ಯೂಬ್‌ಲೈಟಿಗೆ ಹೋಯಿತೋ? ಟ್ಯೂಬ್‌ಲೈಟಿಗೆ ಹೋಗಿದ್ದರೆ ಆ ಮುಖದ ಮೊಡವೆಯನ್ನು ನೀವು ಎಷ್ಟು ಚೆನ್ನಾಗಿ ಅಳಿಸಿದರೂ ಒಂದೇ, ಅಳಿಸದಿದ್ದರೂ ಒಂದೇ. ನೋಡುವವರ ಕಣ್ಣು ಅತ್ತ ತಿರುಗುವುದೇ ಇಲ್ಲವಲ್ಲ.

ಈಗ ಸ್ವಲ್ಪ ಅಂಕಿ. ಹೆದರಬೇಡಿ, ಸ್ವಲ್ಪವೇ. ಸಾಮಾನ್ಯ ಜೆಪೆಗ್ ಫೋಟೋದಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಪದರಗಳಿರುತ್ತವೆ. ಒಂದೊಂದರಲ್ಲೂ 256 ಮೆಟ್ಟಿಲು, 0ಯಿಂದ 255ರ ತನಕ. ಮೂರರಲ್ಲೂ 0 ಅಂದರೆ ಅಪ್ಪಟ ಕಪ್ಪು, ಮೂರರಲ್ಲೂ 255 ಅಂದರೆ ಅಪ್ಪಟ ಬಿಳಿ. ಹಿಸ್ಟೋಗ್ರಾಮ್ ಎಂಬ ಗುಡ್ಡದಂಥ ನಕ್ಷೆ ಹೆಚ್ಚುಕಡಿಮೆ ಎಲ್ಲ ಸಾಫ್ಟ್‌ವೇರಿನಲ್ಲೂ ಇರುತ್ತದೆ. ಯಾವ ಮೆಟ್ಟಿಲಲ್ಲಿ ಎಷ್ಟು ಪಿಕ್ಸೆಲ್ ಇವೆ ಅಂತ ಅದು ತೋರಿಸುತ್ತದೆ. ಎಡಗಡೆ ಕತ್ತಲು, ಬಲಗಡೆ ಬೆಳಕು. ಗುಡ್ಡ ಬಲಗೋಡೆಗೆ ಒತ್ತಿಕೊಂಡು ನಿಂತಿದ್ದರೆ ಆ ಭಾಗದಲ್ಲಿ ಬಿಳಿ ಬಿಟ್ಟು ಬೇರೇನೂ ಉಳಿದಿಲ್ಲ ಅಂತ ಅರ್ಥ. ಅದು ಆಕಾಶವಾಗಿದ್ದರೆ ಎಷ್ಟು ಕಪ್ಪು ಮಾಡಿದರೂ ಅಲ್ಲಿ ಬೂದು ಬರುತ್ತದೆಯೇ ಹೊರತು ಮೋಡ ಬರುವುದಿಲ್ಲ. ನಿಮ್ಮ ಕ್ಯಾಮೆರಾದಲ್ಲಿ ರಾ ಫೈಲ್, ಅಂದರೆ ಕ್ಯಾಮೆರಾ ಕಂಡದ್ದನ್ನು ಹಸಿಯಾಗಿಯೇ ಉಳಿಸಿದ ಫೈಲ್, ತೆಗೆಯುವ ಸೌಕರ್ಯ ಇದ್ದರೆ ಬಳಸಿ. 14 ಬಿಟ್ ರಾ ಫೈಲಿನಲ್ಲಿ ಮೆಟ್ಟಿಲುಗಳು 16,384. ಜೆಪೆಗ್‌ನಲ್ಲಿ ಕಳೆದುಹೋದ ಎಷ್ಟೋ ಮೋಡ ರಾ ಫೈಲಿನಲ್ಲಿ ಉಳಿದಿರುತ್ತದೆ.

ಕಲಿಯಬೇಕಾದ ಉಪಕರಣ ಒಂದೇ ಒಂದು ಅಂದರೆ ನಾನು ಕರ್ವ್ಸ್ ಅನ್ನುತ್ತೇನೆ. ಒಂದು ಚೌಕ, ಅದರಲ್ಲಿ ಕೆಳಗಿನ ಎಡಮೂಲೆಯಿಂದ ಮೇಲಿನ ಬಲಮೂಲೆಗೆ ಓರೆ ಗೆರೆ. ಗೆರೆಯ ನಡುವನ್ನು ಹಿಡಿದು ಮೇಲಕ್ಕೆ ಎಳೆದರೆ ನಡುವಿನ ಬೆಳಕು ಏರುತ್ತದೆ, ತುದಿಯ ಕಪ್ಪು-ಬಿಳುಪು ಎರಡೂ ಇದ್ದಲ್ಲೇ ಇರುತ್ತವೆ. ಮೇಲಿನ ಕಾಲುಭಾಗವನ್ನು ಸ್ವಲ್ಪ ಮೇಲಕ್ಕೆ, ಕೆಳಗಿನ ಕಾಲುಭಾಗವನ್ನು ಸ್ವಲ್ಪ ಕೆಳಕ್ಕೆ ಎಳೆದರೆ ಗೆರೆ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಾಗುತ್ತದೆ, ಚಪ್ಪಟೆಯಾಗಿದ್ದ ಫೋಟೋ ಎದ್ದು ನಿಲ್ಲುತ್ತದೆ. ಇಷ್ಟೇ. ಒಂದು ವಾರ ಇದೊಂದನ್ನೇ ಮಾಡಿ. ಬೇರೆ ಯಾವ ಬಟನ್ನೂ ಮುಟ್ಟಬೇಡಿ. ಯಾರೂ ಈ ಮಾತು ಕೇಳುವುದಿಲ್ಲ ಅಂತ ನನಗೆ ಗೊತ್ತು, ಆದರೂ ಹೇಳುತ್ತೇನೆ.

ಈಗ ಒಂದು ಕತೆ. ನನಗೆ ಬಹಳ ಇಷ್ಟದ್ದು, ಸ್ವಲ್ಪ ಉದ್ದ ಆಗಬಹುದು. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆ್ಯಡಮ್ಸ್ ಹೆಸರು ನೀವು ಕೇಳಿರಬಹುದು. 1941ರಲ್ಲಿ ಒಂದು ದಿನ ನ್ಯೂ ಮೆಕ್ಸಿಕೋದಲ್ಲಿ ಫೋಟೋ ತೆಗೆಯಲು ಹೋಗಿ, ಮನಸ್ಸಿಗೊಪ್ಪುವ ಒಂದೂ ಸಿಗದೆ, ಸಂಜೆ ಕಾರಿನಲ್ಲಿ ವಾಪಸ್ ಬರುತ್ತಿದ್ದರು. ಜೊತೆಗೆ ಮಗ ಇದ್ದ, ಒಬ್ಬ ಗೆಳೆಯರಿದ್ದರು. ಹೆರ್ನಾಂಡೆಜ್ ಎಂಬ ಸಣ್ಣ ಹಳ್ಳಿ ಬಂತು. ಪೂರ್ವಕ್ಕೆ ಹಿಮದ ಬೆಟ್ಟಗಳ ಮೇಲೆ ಚಂದ್ರ ಏರುತ್ತಿದ್ದ. ಪಶ್ಚಿಮದಲ್ಲಿ ಮುಳುಗುತ್ತಿದ್ದ ಸೂರ್ಯನ ಕೊನೆಯ ಬೆಳಕು ಹಳ್ಳಿಯ ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಬಿದ್ದಿತ್ತು. ಗಾಡಿ ನಿಲ್ಲಿಸಿ, "ಅದು ಕೊಡು, ಇದು ಕೊಡು" ಅಂತ ಕೂಗಾಡುತ್ತಾ, ಎಂಟು ಇಂಚು-ಹತ್ತು ಇಂಚಿನ ಫಿಲ್ಮ್ ಹಾಕುವ ದೊಡ್ಡ ಕ್ಯಾಮೆರಾ ನಿಲ್ಲಿಸಿದರು. ಬೆಳಕು ಅಳೆಯುವ ಮೀಟರ್ ಹುಡುಕಿದರೆ ಸಿಗಲೊಲ್ಲದು!

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಆ್ಯಡಮ್ಸ್‌ಗೆ ಚಂದ್ರನ ಪ್ರಕಾಶ ಎಷ್ಟು ಎಂಬುದು ಬಾಯಿಪಾಠ ಇತ್ತು, ಚದರ ಅಡಿಗೆ 250 ಕ್ಯಾಂಡಲ್. ಅದರ ಮೇಲೆ ಮನಸ್ಸಿನಲ್ಲೇ ಲೆಕ್ಕ ಹಾಕಿ, ಎಫ್ 32ರಲ್ಲಿ, ಅಂದರೆ ಲೆನ್ಸಿನ ಕಿಂಡಿ ತೀರ ಕಿರಿದು ಮಾಡಿ, ಒಂದು ಸೆಕೆಂಡ್ ಶಟರ್ ಬಿಟ್ಟರು. ಇನ್ನೊಂದು ಇರಲಿ ಅಂತ ಫಿಲ್ಮ್ ಹೋಲ್ಡರ್ ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಹೋಗಿಯಾಗಿತ್ತು. ಸಿಕ್ಕಿದ್ದು ಅದೊಂದೇ ನೆಗೆಟಿವ್. ತಮಾಷೆ ಅಂದರೆ ಆ ದಿನ ಯಾವುದು ಅಂತ ಅವರಿಗೇ ನೆನಪಿರಲಿಲ್ಲ, ಒಮ್ಮೊಮ್ಮೆ ಒಂದೊಂದು ವರ್ಷ ಹೇಳುತ್ತಿದ್ದರು. ಕೊನೆಗೆ ಖಗೋಳ ವಿಜ್ಞಾನಿಗಳು ಚಿತ್ರದಲ್ಲಿ ಚಂದ್ರ ಇರುವ ಜಾಗ ಹಿಡಿದು ಲೆಕ್ಕ ಹಾಕಿ ನವೆಂಬರ್ 1, ಸಂಜೆ 4 ಗಂಟೆ 49 ನಿಮಿಷ ಅಂತ ಗೊತ್ತುಮಾಡಿದರು.

ನನ್ನ ಕತೆ ನಿಜಕ್ಕೂ ಶುರುವಾಗುವುದು ಇಲ್ಲಿಂದ. ಆ ನೆಗೆಟಿವ್ ಅನ್ನು ಏನೂ ಮಾಡದೆ ನೇರವಾಗಿ ಪ್ರಿಂಟ್ ಹಾಕಿದರೆ ಅದೊಂದು ಸಪ್ಪೆ ಚಿತ್ರ. ಆಕಾಶ ಬೂದು, ತುಂಬ ಮಾಸಲು ಮೋಡದ ಗೆರೆಗಳು. ಮುಂಭಾಗದ ಹಳ್ಳಿ ತೆಳು. 1948ರಲ್ಲಿ ಆ್ಯಡಮ್ಸ್ ನೆಗೆಟಿವ್‌ನ ಕೆಳಭಾಗವನ್ನು ಮತ್ತೆ ರಾಸಾಯನಿಕದಲ್ಲಿ ಅದ್ದಿ ಗಟ್ಟಿ ಮಾಡಿಕೊಂಡರು. ಪ್ರತಿ ಪ್ರಿಂಟ್ ಹಾಕುವಾಗಲೂ ಕತ್ತಲಕೋಣೆಯಲ್ಲಿ ನಿಂತು, ದೀಪಕ್ಕೂ ಕಾಗದಕ್ಕೂ ನಡುವೆ ರಟ್ಟು ಹಿಡಿದು, ಒಂದು ಕಡೆ ಬೆಳಕು ಹೆಚ್ಚು ಬೀಳುವಂತೆ, ಇನ್ನೊಂದು ಕಡೆ ಕಡಿಮೆ ಬೀಳುವಂತೆ ಮಾಡುತ್ತಿದ್ದರು. ಸಾವಿರಕ್ಕೂ ಹೆಚ್ಚು ಪ್ರಿಂಟ್, ದಶಕಗಟ್ಟಲೆ. ಮೊದಮೊದಲ ಪ್ರಿಂಟ್‌ಗಳಲ್ಲಿ ಆಕಾಶದಲ್ಲಿ ಮೋಡ ಕಾಣುತ್ತದೆ. ವರ್ಷ ಕಳೆದಂತೆ ಆಕಾಶ ಕಪ್ಪಾಗುತ್ತಾ ಬಂದು, ಕೊನೆಕೊನೆಗೆ ಚಂದ್ರ, ಬೆಟ್ಟದ ಮೇಲೊಂದು ಮೋಡದ ಪಟ್ಟಿ, ಕೆಳಗೆ ಹೊಳೆಯುವ ಶಿಲುಬೆಗಳು, ಇಷ್ಟೇ ಉಳಿದವು. ನೆಗೆಟಿವ್ ಅದೇ. ಒಂದು ವಸ್ತು ಸೇರಿಸಲಿಲ್ಲ, ಒಂದು ವಸ್ತು ತೆಗೆಯಲಿಲ್ಲ. ಬದಲಾಗಿದ್ದು ಬೆಳಕು ಮಾತ್ರ. ನೀವು ಎಲ್ಲೋ ನೋಡಿ ಬೆರಗಾದದ್ದು ಆ ಕೊನೆಯ ಆಕಾಶವನ್ನು.

ಫೋಟೋಶಾಪ್ ತೆರೆದು ಉಪಕರಣಗಳ ಪಟ್ಟಿ ನೋಡಿ. ಕಡ್ಡಿಯ ತುದಿಗೆ ದುಂಡನೆಯ ಬಿಲ್ಲೆ ಸಿಕ್ಕಿಸಿದಂಥ ಒಂದು ಚಿತ್ರ, ಬೆರಳು ಕೂಡಿಸಿದ ಕೈಯಂಥ ಇನ್ನೊಂದು. ಡಾಜ್ ಮತ್ತು ಬರ್ನ್. ಅದು ಬಂದದ್ದು ಆ ಕತ್ತಲಕೋಣೆಯಿಂದಲೇ. ತಂತಿಗೆ ಸಿಕ್ಕಿಸಿದ ರಟ್ಟಿನ ಬಿಲ್ಲೆಯಿಂದ ಬೆಳಕು ತಡೆದರೆ ಆ ಜಾಗ ಪ್ರಿಂಟಿನಲ್ಲಿ ತಿಳಿಯಾಗುತ್ತಿತ್ತು, ಕೈ ಮಡಚಿ ಸಂದಿಯಿಂದ ಬೆಳಕು ಬಿಟ್ಟರೆ ಅಷ್ಟು ಜಾಗ ಕಪ್ಪಾಗುತ್ತಿತ್ತು.

ಇದನ್ನು ಇವತ್ತು ಮಾಡುವ ಸರಿಯಾದ ದಾರಿ ಹೀಗೆ. ಮೂಲ ಫೋಟೋ ಮುಟ್ಟಬೇಡಿ. ಅದರ ಮೇಲೆ ಹೊಸ ಲೇಯರ್, ಅಂದರೆ ಫೋಟೋ ಮೇಲೆ ಹಾಸಿದ ಹಾಳೆಯಂಥದ್ದು, ಮಾಡಿ, ಪೂರ್ತಿ 50 ಪರ್ಸೆಂಟ್ ಬೂದು ತುಂಬಿ, ಅದು ಕೆಳಗಿನ ಫೋಟೋ ಜೊತೆ ಬೆರೆಯುವ ಬಗೆಯನ್ನು, ಅಂದರೆ ಬ್ಲೆಂಡ್ ಮೋಡ್ ಅನ್ನು, ಸಾಫ್ಟ್ ಲೈಟ್‌ಗೆ ಬದಲಿಸಿ. ಬೂದು ಕಣ್ಣಿಗೆ ಕಾಣದಂತಾಗುತ್ತದೆ. ಈಗ ಆ ಲೇಯರ್ ಮೇಲೆ ಬಿಳಿ ಬ್ರಷ್ ಆಡಿಸಿದಲ್ಲಿ ಬೆಳಕು, ಕಪ್ಪು ಬ್ರಷ್ ಆಡಿಸಿದಲ್ಲಿ ನೆರಳು. ಬ್ರಷ್‌ನ ಅಂಚು ಮೃದುವಾಗಿರಲಿ, ಓಪಾಸಿಟಿ, ಅಂದರೆ ಬಣ್ಣದ ದಟ್ಟಣೆ, 5ರಿಂದ 10 ಪರ್ಸೆಂಟ್, ಅದಕ್ಕಿಂತ ಮೇಲೆ ಹೋಗಬೇಡಿ. ಟ್ಯೂಬ್‌ಲೈಟ್ ಸುತ್ತ ಕಪ್ಪು ಆಡಿಸಿ. ಮುಖದಲ್ಲಿ ಬೆಳಕು ಬಂದ ಕಡೆಯ ಕೆನ್ನೆಗೆ, ಕಣ್ಣಿನ ಪಾಪೆಗೆ ಸ್ವಲ್ಪ ಬಿಳಿ. ತಪ್ಪಾದರೆ ಬೂದು ಬಣ್ಣದಿಂದ ಅದೇ ಜಾಗದ ಮೇಲೆ ಬಳಿಯಿರಿ, ಮೂಲ ಮತ್ತೆ ಬರುತ್ತದೆ. ಅಷ್ಟು ಸುಲಭ. ಮೊದಲು ಬೆಳಕು ಅಂದೆನಲ್ಲ, ಅದರ ಮುಕ್ಕಾಲು ಪಾಲು ಈ ಒಂದು ಲೇಯರಿನಲ್ಲಿದೆ.

ಆ್ಯಡಮ್ಸ್ ಹೆಚ್ಚು ಹೊತ್ತು ತಿಂದುಬಿಟ್ಟರು, ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ. ಕಲೆ ಅಳಿಸಲು ಎರಡು ಬ್ರಷ್‌ಗಳಿವೆ, ಕ್ಲೋನ್ ಮತ್ತು ಹೀಲಿಂಗ್. ಕ್ಲೋನ್ ಒಂದು ಕಡೆಯದನ್ನು ಇದ್ದಂತೆಯೇ ಇನ್ನೊಂದು ಕಡೆ ತಂದು ಹಚ್ಚುತ್ತದೆ. ಹೀಲಿಂಗ್ ಅಲ್ಲಿಂದ ಚರ್ಮದ ಹೆಣಿಗೆಯನ್ನು ಮಾತ್ರ ತಂದು, ಬೆಳಕು ಮತ್ತು ಬಣ್ಣವನ್ನು ಹಚ್ಚಿದ ಜಾಗಕ್ಕೆ ಹೊಂದಿಸುತ್ತದೆ. ಅದಕ್ಕೇ ಕೆನ್ನೆ, ಹಣೆಯ ನಡುವೆ ಹೀಲಿಂಗ್ ಚೆನ್ನ. ಆದರೆ ಕೂದಲಂಚು, ತುಟಿಯಂಚಿನ ಪಕ್ಕದಲ್ಲಿ ಅದೇ ಹೀಲಿಂಗ್ ಪಕ್ಕದ ಕಪ್ಪನ್ನೂ ಎಳೆದುಕೊಂಡು ಮಸಿ ಹಚ್ಚಿದ ಹಾಗೆ ಮಾಡುತ್ತದೆ, ಅಲ್ಲಿ ಕ್ಲೋನ್ ಬಳಸಿ.

ಯಾವುದನ್ನು ಅಳಿಸಬೇಕು? ಹದಿನೈದು ದಿನದಲ್ಲಿ ತಾನಾಗಿ ಮಾಯುವುದನ್ನು ಅಳಿಸಿ: ಮೊಡವೆ, ಗೀರು, ಸೊಳ್ಳೆ ಕಚ್ಚಿದ್ದು. ಮಚ್ಚೆ, ಹಳೆಯ ಗಾಯದ ಗುರುತು ಆ ಮನುಷ್ಯರದ್ದು, ಅವರನ್ನು ಕೇಳದೆ ಮುಟ್ಟಬೇಡಿ. ಕಣ್ಣಿನ ಕೆಳಗಿನ ಕಪ್ಪನ್ನು ಪೂರ್ತಿ ತೆಗೆದರೆ ಮುಖ ಮುಖವಾಗಿ ಉಳಿಯುವುದಿಲ್ಲ. ಬೇರೆ ಲೇಯರಿನಲ್ಲಿ ಅಳಿಸಿ, ಆ ಲೇಯರಿನ ಓಪಾಸಿಟಿ ಅರ್ಧಕ್ಕೆ ಇಳಿಸಿ. ಇನ್ನು ಚರ್ಮ ನುಣುಪು ಮಾಡುವ ಸ್ಲೈಡರ್ ಬಗ್ಗೆ ನನ್ನನ್ನು ಕೇಳಲೇಬೇಡಿ. ರಂಧ್ರವಿಲ್ಲದ ಚರ್ಮ ಅಂಗಡಿಯ ಗೊಂಬೆಗೆ ಮಾತ್ರ ಇರುತ್ತದೆ. ಚರ್ಮ ಏರುಪೇರಾಗಿ ಕಂಡರೆ ನೂರಕ್ಕೆ ತೊಂಬತ್ತು ಸಲ ಕಾರಣ ಸಣ್ಣ ಸಣ್ಣ ನೆರಳು, ಅದಕ್ಕೆ ಆ ಬೂದು ಲೇಯರ್ ಇದೆ.

ಅಳಿಸುವುದು ಹೊಸ ವಿದ್ಯೆಯೇನಲ್ಲ. ಅದೇ ಆ್ಯಡಮ್ಸ್ ಇನ್ನೊಂದು ಚಿತ್ರದಲ್ಲಿ, ಲೋನ್ ಪೈನ್ ಊರಿನ ಶಾಲಾ ಮಕ್ಕಳು ಬೆಟ್ಟದ ಮೇಲೆ ಬಿಳಿಯಾಗಿ ಮೂಡಿಸಿದ್ದ ದೊಡ್ಡ ಅಕ್ಷರಗಳನ್ನು ಅಳಿಸಿಬಿಟ್ಟಿದ್ದರು. ಆದರೆ ಸುದ್ದಿಯ ಚಿತ್ರದಲ್ಲಿ ಹಾಗೆ ಮಾಡಬಾರದು. 1982ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಮುಖಪುಟಕ್ಕೆ ಹೊಂದಲಿ ಅಂತ ಗೀಜಾದ ಪಿರಮಿಡ್‌ಗಳನ್ನು ಕಂಪ್ಯೂಟರಿನಲ್ಲಿ ಹತ್ತಿರ ತಂದಿತ್ತು. ಆ ಬಗ್ಗೆ ಈಗಲೂ ಮಾತಾಡುತ್ತಾರೆ.

ಎಐ ಬಗ್ಗೆ ಕೇಳುವಿರಿ, ಗೊತ್ತು. ಹಿಂದೆ ನಿಂತವರನ್ನು ಒಂದು ಕ್ಲಿಕ್‌ನಲ್ಲಿ ತೆಗೆದು ಜಾಗ ತುಂಬಿಸುತ್ತದೆ, ಕೆಲಸಕ್ಕೆ ಬರುತ್ತದೆ, ಬಳಸಿ. ತುಂಬಿಸಿದ ಜಾಗದ ನೆರಳು ಉಳಿದ ನೆರಳಿನ ದಿಕ್ಕಿಗೇ ಬಿದ್ದಿದೆಯೇ ಅಂತ ನೋಡುವುದು ಮಾತ್ರ ನಿಮ್ಮ ಕೆಲಸ.

ಫೈಲ್ ಉಳಿಸುವಾಗ ಲೇಯರ್‌ಗಳ ಸಮೇತ ಉಳಿಸಿ. ಫೋಟೋಶಾಪ್‌ನಲ್ಲಿ ಪಿಎಸ್‌ಡಿ, ಗಿಂಪ್‌ನಲ್ಲಿ ಎಕ್ಸ್‌ಸಿಎಫ್. ಜೆಪೆಗ್ ಅನ್ನು ತೆರೆದು ತಿದ್ದಿ ಮತ್ತೆ ಮತ್ತೆ ಉಳಿಸುತ್ತಾ ಹೋದರೆ ಸಲಕ್ಕೊಂದಿಷ್ಟು ವಿವರ ಹೋಗುತ್ತದೆ, ಕೊನೆಗೆ ಆಕಾಶದಲ್ಲಿ ಚೌಕ ಚೌಕದ ಕಲೆ ಮೂಡುತ್ತದೆ. ಕಳಿಸುವಾಗ ಒಂದೇ ಸಲ ಜೆಪೆಗ್ ಮಾಡಿ. ನಾಲ್ಕು ಇಂಚು-ಆರು ಇಂಚಿನ ಪ್ರಿಂಟ್‌ಗೆ 1200-1800 ಪಿಕ್ಸೆಲ್ ಬೇಕು, ಇಂಚಿಗೆ 300ರ ಲೆಕ್ಕ. ಪ್ರಿಂಟ್ ಕಪ್ಪಾಗಿ ಬಂತು ಅಂತ ಪ್ರಿಂಟ್ ಹಾಕಿದವರನ್ನು ಬೈಯುವ ಮುಂಚೆ ನಿಮ್ಮ ಪರದೆಯ ಬ್ರೈಟ್‌ನೆಸ್ ನೋಡಿ. ಅದು ಪೂರ್ತಿ ಏರಿಸಿಕೊಂಡಿದ್ದರೆ ಅದನ್ನು ನಂಬಿ ನೀವೇ ಫೋಟೋವನ್ನು ಕಪ್ಪು ಮಾಡಿರುತ್ತೀರಿ. ಅರ್ಧಕ್ಕೆ ಇಳಿಸಿ, ಕರ್ವ್ಸ್ ಮತ್ತೊಮ್ಮೆ ನೋಡಿ, ಆಮೇಲೆ ಪ್ರಿಂಟ್‌ಗೆ ಕೊಡಿ.

ನಮಸ್ಕಾರ.